ಹೊಟ್ಟೆ ಉರಿಗೆ ಆಪರೇಷನ್

ಕನ್ನಡದಲ್ಲಿ ಹೊಟ್ಟೆಗೆ ಇರುವಷ್ಟು ಕೆಲಸ ಬೇರೆ ಯಾವ ಅಂಗಕ್ಕೂ ಇಲ್ಲ. ದುಡಿಯುವುದು ಕೈಕಾಲು, ಹೆಸರು ಮಾತ್ರ ಹೊಟ್ಟೆಪಾಡಿನದು. ನಗುವುದು ಬಾಯಿ, ಹುಣ್ಣಾಗುವುದು ಹೊಟ್ಟೆ. ಯಾರದಾದರೂ ತಪ್ಪನ್ನು ಕ್ಷಮಿಸಬೇಕಾದರೆ ಅದನ್ನೂ ಹೊಟ್ಟೆಗೇ ಹಾಕಿಕೊಳ್ಳಬೇಕು. ಪಕ್ಕದ ಮನೆಗೆ ಹೊಸ ಸೋಫಾ ಬಂದರೆ ಉರಿಯುವುದೂ ಅದೇ ಬಡಪಾಯಿ ಹೊಟ್ಟೆ. ಇಷ್ಟೆಲ್ಲ ಚೆನ್ನಾಗಿ ಗೊತ್ತಿದ್ದೂ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ ಒಂದು ಗುರುವಾರ ಬರೆಯಬಾರದ್ದನ್ನು ಬರೆದುಬಿಟ್ಟಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಾಗುಣಿತ ಎಂದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಲಿಫ್ಟಿನ ಬಾಗಿಲ ಮೇಲಿದ್ದ ‘ರೋಗಿಗಳಿಗೆ ಮಾತ್ರಾ’ ಎಂಬ ಚೀಟಿಯ ದೀರ್ಘವನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದಳು. ಎರಡನೆಯ ದಿನ ‘ಔಷದಿ’ಗೆ ಹೊಟ್ಟೆ ಸೀಳಿ ‘ಔಷಧಿ’ ಮಾಡಿದಳು. ಮೂರನೆಯ ದಿನ ಹೆಸರು ಬಿತ್ತು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು.

ಅವಳ ಕೆಲಸ ಇಷ್ಟು: ಡಾಕ್ಟರುಗಳು ಇಂಗ್ಲಿಷಿನಲ್ಲಿ ಗೀಚಿದ್ದನ್ನು, ಮನೆಗೆ ಹೊರಡುವ ರೋಗಿಗೆ ಅರ್ಥವಾಗುವ ಹಾಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುವುದು. ಆ ಹಾಳೆಯಲ್ಲಿ ‘ರೋಗದ ಹೆಸರು’ ಎಂಬ ಚೌಕ ಹೆಬ್ಬೆರಳಿನಷ್ಟು ಅಗಲವಿತ್ತು. ಅದನ್ನು ಅಚ್ಚು ಹಾಕಿಸಿದ ಪುಣ್ಯಾತ್ಮನಿಗೆ ಜ್ವರ, ಕೆಮ್ಮು ಬಿಟ್ಟು ಬೇರೆ ರೋಗ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಆ ಗುರುವಾರ ಮನೆಗೆ ಹೊರಟಿದ್ದವನು ಒಬ್ಬ ಟೈಲರ್. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿ, ಬದುಕಿದ್ದೇ ಹೆಚ್ಚು ಎನ್ನುವಂತಾಗಿದ್ದ. ಸರ್ಜನ್ ಮೇಡಂ ಬರೆದ ಹಾಳೆಯಲ್ಲಿ ರೋಗದ ಹೆಸರು ‘ಪೆರಿಟ್’ ತನಕ ಸರಿಯಾಗಿತ್ತು, ಅಲ್ಲಿಂದ ಮುಂದೆ ಪೆನ್ನು ಜಾರುಬಂಡೆ ಇಳಿದಿತ್ತು. ಕಾಗುಣಿತ ಪದಪಟ್ಟಿ ತೆಗೆದು ನೋಡಿದಳು. ಪೆರಿಟೊನೈಟಿಸ್: ಉದರದ ಒಳಪೊರೆಯ ಉರಿಯೂತ. ಬರೆಯಲು ಕೂತರೆ ‘ಉದರದ ಒಳಪೊ’ ಎನ್ನುವಷ್ಟರಲ್ಲಿ ಚೌಕ ಮುಗಿಯಿತು. ಇನ್ನೊಂದು ಹಾಳೆಯಲ್ಲಿ ಅಕ್ಷರ ಸಣ್ಣ ಮಾಡಿದಳು, ‘ಉರಿ’ವರೆಗೆ ಬಂತು. ಹೊರಗೆ ಆಟೋ ಕಾಯುತ್ತಿತ್ತು, ಟೈಲರನ ಹೆಂಡತಿ ಕಿಟಕಿಯಲ್ಲಿ ಎರಡು ಸಲ ಇಣುಕಿದ್ದಳು. ಸರಿ, ಉದರ ಎಂದರೆ ಹೊಟ್ಟೆ. ಪೊರೆಯನ್ನು ಯಾರು ಕಂಡಿದ್ದಾರೆ, ಬಿಡು. ಉರಿಯೂತದಲ್ಲಿ ಊತ ಇಳಿದಿದೆ, ಅದನ್ನೂ ಬಿಡು. ಉಳಿದದ್ದು ‘ಹೊಟ್ಟೆ ಉರಿ’. ಅದು ಚೌಕದಲ್ಲಿ ಎಷ್ಟು ಚೆಂದ ಕೂತಿತೆಂದರೆ ಕೊನೆಗೊಂದು ಚುಕ್ಕಿ ಇಡುವುದಕ್ಕೂ ಜಾಗ ಉಳಿಯಿತು.

ಕೆಳಗಿನ ಚೌಕಗಳನ್ನು ಅವಳು ಯಥಾಪ್ರಕಾರ ತುಂಬಿದಳು. ತೀವ್ರತೆ: ಅತಿ ಹೆಚ್ಚು. ಚಿಕಿತ್ಸೆ: ಆಪರೇಷನ್. ಸೂಚನೆ: ಮರುಕಳಿಸಿದರೆ ತಡಮಾಡದೆ ಬನ್ನಿ.

ಎಂಟು ದಿನ ಕಳೆದು, ಶುಕ್ರವಾರ ಬೆಳಿಗ್ಗೆ, ಮೇಲ್ವಿಚಾರಕರು ಅವಳನ್ನು ಕರೆಸಿದರು. ಅದು ಎಂಥಾ ಶುಕ್ರವಾರ! ಅವಳ ಒಂದು ವರ್ಷದ ಪರೀಕ್ಷಾ ಅವಧಿ ಮುಗಿಯುವ ದಿನ. ಸಂಜೆ ನಾಲ್ಕಕ್ಕೆ ಸಮಿತಿ ಸೇರಿ ಅವಳನ್ನು ಉಳಿಸಿಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸುವುದಿತ್ತು. ಮೇಲ್ವಿಚಾರಕರ ಮೇಜಿನ ಮೇಲೆ ಒಂದು ಕಾಗದವಿತ್ತು. ಅವರು ಅದನ್ನು ಮುಖ ಗಂಟು ಹಾಕಿಕೊಂಡು ಓದಿದರು.

“‘ನನಗೆ ಹೊಟ್ಟೆ ಉರಿ ಇಲ್ಲ. ಇದ್ದರೂ ಅದನ್ನು ಕೊಯ್ಯಿಸಿಕೊಳ್ಳಲು ನಾನು ನಿಮ್ಮ ಆಸ್ಪತ್ರೆಗೆ ಬಂದಿರಲಿಲ್ಲ. ಬೀದಿಯಲ್ಲಿ ನನ್ನ ಮಾನ ಹರಾಜಾಗಿದೆ. ಬರೆದವರ ಮೇಲೆ ಕ್ರಮ ಕೈಗೊಳ್ಳಿ.’ ಏನಮ್ಮಾ ಇದು?”

ಕಾಗುಣಿತ ಹೆಬ್ಬೆರಳು ಎತ್ತಿ ತೋರಿಸಿದಳು. “ಸರ್, ಚೌಕ ಚಿಕ್ಕದಿತ್ತು.”

“ಚೌಕ ಚಿಕ್ಕದು ಅಂತ ರೋಗ ಬದಲಾಯಿಸಿಬಿಡೋದಾ? ನಾಳೆ ಮೂಳೆ ಮುರಿದವನಿಗೆ ಜಾಗ ಸಾಲದು ಅಂತ ನೆಗಡಿ ಬರೀತೀಯಾ? ನಾಲ್ಕು ಗಂಟೆ ಒಳಗೆ ಆತ ದೂರು ವಾಪಸ್ ತಗೊಂಡ್ರೆ ಸರಿ. ಇಲ್ಲಾಂದ್ರೆ ಸಮಿತಿ ಮುಂದೆ ನನ್ನ ಕೈಲಿ ಏನೂ ಇಲ್ಲ.”

ಅವಳ ಸಂಬಳದ ಮೇಲೆ ಅಮ್ಮ ಇದ್ದಳು, ಓದುತ್ತಿರುವ ತಂಗಿ ಇದ್ದಳು. ಅದಕ್ಕಿಂತ ಹೆಚ್ಚಾಗಿ, ಅಕ್ಷರ ತಪ್ಪಿದ್ದಕ್ಕೆ ಕಾಗುಣಿತಳನ್ನು ಕಳಿಸಿದರಂತೆ ಎಂದು ಇಡೀ ಆಸ್ಪತ್ರೆ ಆಡಿಕೊಳ್ಳುವುದನ್ನು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಅಳುವುದಕ್ಕೆ ಹೊತ್ತಿರಲಿಲ್ಲ. ಆ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಕೇಳೋಣವೆಂದು ಸರ್ಜನ್ ಮೇಡಂ ಹತ್ತಿರ ಓಡಿದಳು. ಮೇಡಂ ಕೈ ತೊಳೆಯುತ್ತಲೇ, “ಸ್ಪೆಲಿಂಗಾ? ಇಪ್ಪತ್ತು ವರ್ಷದಿಂದ ಪೆರಿಟ್ ಬರೆದು ಗೆರೆ ಎಳೀತಿದ್ದೀನಮ್ಮ, ಯಾರೂ ಕೇಳಿರಲಿಲ್ಲ” ಎಂದು ನಕ್ಕುಬಿಟ್ಟರು. ದಾಖಲೆ ಕೋಣೆಯಲ್ಲಿ ಒಂದು ದಪ್ಪ ನಿಘಂಟು ಇತ್ತು. ಆದರೆ ಅದು ಬೀರುವಿನ ಕುಂಟು ಕಾಲಿನ ಕೆಳಗಿತ್ತು. ಎಳೆದಳು. ಬೀರು ವಾಲಿ, ಮೇಲಿದ್ದ ಫೈಲುಗಳು ಒಂದೊಂದಾಗಿ ಅವಳ ತಲೆಯ ಮೇಲೆ ಬಿದ್ದವು. ಫೈಲುಗಳ ನಡುವೆ ಕೂತು ಓದಿದಳು. ಓದುತ್ತ ಓದುತ್ತ ಅವಳಿಗೆ ಕೆಲಸ ಹೋಗುವ ಭಯವೇ ಮರೆತುಹೋಯಿತು. ಕೊನೆಗೆ ಹೊಸ ಹಾಳೆ ತೆಗೆದು, ಚೌಕದ ಪಕ್ಕ ಬಿಳಿ ಕಾಗದದ ತೇಪೆ ಅಂಟಿಸಿ ಅಗಲ ಮಾಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು ಬರೆದು, ಎದ್ದು ಹೊರಟಳು.

ಟೈಲರನ ಬೀದಿ ಕಿರಿದು. ಎರಡು ಹೊಲಿಗೆ ಅಂಗಡಿಗಳು ಎದುರುಬದುರು. ಒಂದು ಹಳೆಯದು, ಶಟರ್ ಎಳೆದಿತ್ತು. ಇನ್ನೊಂದಕ್ಕೆ ನೆಲದಿಂದ ಸೂರಿನವರೆಗೆ ಗಾಜು, ಒಳಗೆ ಕೋಟು ತೊಟ್ಟ ತಲೆಯಿಲ್ಲದ ಗೊಂಬೆಗಳು. ಗಾಜಿನ ಹಿಂದೆ ಕುತ್ತಿಗೆಗೆ ಟೇಪು ಹಾಕಿಕೊಂಡ ಒಬ್ಬಾತ ಬೀದಿಗೆ ಮುಖ ಮಾಡಿ ಏನೋ ಕಾಗದ ಅಂಟಿಸುತ್ತಿದ್ದ. ಕಾಗುಣಿತಳಿಗೆ ಅದನ್ನು ಓದುವ ವ್ಯವಧಾನವಿರಲಿಲ್ಲ. ಅವಳ ಕಣ್ಣು ಈ ಕಡೆಯ ಶಟರಿನ ಮೇಲಿತ್ತು. ಅಲ್ಲಿ, ಮೂರು ಜನರ ತಲೆಯ ಮೇಲಿಂದ, ಅವಳದೇ ಗುಂಡನೆಯ ಅಕ್ಷರ ಕಾಣುತ್ತಿತ್ತು.

“ಇದಕ್ಕೂ ಆಪರೇಷನ್ ಬಂದಿದೆಯೇನ್ರೀ?” ಎಂದು ಒಬ್ಬ ಕೇಳುತ್ತಿದ್ದ.

“ಬಂದಿದೆಯಲ್ಲ, ಸೀಲ್ ಬೇರೆ ಹಾಕಿದ್ದಾರೆ. ನಮ್ಮ ನಾದಿನೀನ ಸೇರಿಸ್ಬೇಕು, ಆಕೆದು ಹುಟ್ಟಿದಾಗಿಂದ ಇರೋದು” ಎಂದಳು ಪಕ್ಕದಲ್ಲಿದ್ದ ಹೆಂಗಸು.

ಕಾಗುಣಿತ ತಲೆ ತಗ್ಗಿಸಿಕೊಂಡು ಪಕ್ಕದ ಮೆಟ್ಟಿಲು ಹತ್ತಿದಳು. ಅಂಗಡಿಯ ಮೇಲೇ ಮನೆ. ಬಾಗಿಲು ತೆರೆದ ಟೈಲರನ ಹೆಂಡತಿ, ಬಂದವಳು ಯಾರೆಂದು ಕೇಳಿದ್ದೇ ತಡ, ತಾನೇ ಅಪರಾಧಿಯ ಹಾಗೆ ಪಿಸುಗುಟ್ಟಿದಳು. “ಅಂಟಿಸಿದ್ದು ನಾನೇ ಕಣಮ್ಮ. ಗಿರಾಕಿಗಳು ಬಂದು ಬಂದು ಶಟರ್ ಬಡೀತಿದ್ರು, ಇವರಿಗೆ ನಿದ್ದೆ ಇಲ್ಲ. ಆಸ್ಪತ್ರೆ ಕಾಗದ ನೋಡಿದ್ರೆ ಸುಮ್ಮನೆ ಹೋಗ್ತಾರೆ ಅಂತ ಹಾಕಿದೆ. ಕನ್ನಡಕ ಆಸ್ಪತ್ರೇಲೇ ಬಿಟ್ಟು ಬಂದಿದ್ದೆ, ಓದಲಿಲ್ಲ. ನಿನ್ನೆ ಕನ್ನಡಕ ಸಿಕ್ತು, ಆಮೇಲೆ ಮರ್ಯಾದೆ ಹೋಗಿದ್ದು ಗೊತ್ತಾಯ್ತು. ಕೀಳೋಕೆ ಹೋದ್ರೆ ಇವರು ಬಿಡ್ತಿಲ್ಲ, ಸಾಕ್ಷಿಯಂತೆ.”

“ಯಾರೇ ಅದು?” ಎಂದು ಒಳಗಿನಿಂದ ಗುಡುಗು ಬಂತು.

ಬೀದಿಯವರು ದೊಡ್ಡ ಮಾಸ್ಟರ್ ಎಂದು ಕರೆಯುವ ಟೈಲರ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಹೊಟ್ಟೆಗೆ ಒಂದು ದಿಂಬು ಅವುಚಿಕೊಂಡಿದ್ದ, ಕೆಮ್ಮಿದರೆ ನಕ್ಕರೆ ಒತ್ತಿ ಹಿಡಿಯಿರಿ ಎಂದು ಡಾಕ್ಟರು ಹೇಳಿದ್ದರು. ಎದುರಿಗೆ ಅರ್ಧ ಹೊಲಿದ ಕೋಟು ಸ್ಟ್ಯಾಂಡಿನಲ್ಲಿ ನೇತಾಡುತ್ತಿತ್ತು. ಕಾಗುಣಿತ ಕೈಮುಗಿದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು.

“ಮಾಸ್ಟ್ರೇ, ತಪ್ಪು ನಂದೇ. ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ.”

“ಹೊಟ್ಟೆಗಾ? ಈಗ ತಾನೇ ಹೊಲಿದಿದ್ದಾರೆ, ಇನ್ನು ಅದರೊಳಗೆ ಒಂದು ಗುಂಡಿನೂ ಹಾಕಂಗಿಲ್ಲ!”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ಟರ್ ಅವಳತ್ತ ಕೆಕ್ಕರಿಸಿ ನೋಡಿ, ಕಾಗುಣಿತಳಿಗೆ ಸ್ಟೂಲು ತೋರಿಸಿದ.

“ಕೂತ್ಕೋ. ಅದರ ಸರಿಯಾದ ಹೆಸರೇನು, ಅಕ್ಷರ ಬಿಡಿಸಿ ಹೇಳು. ಅರ್ಥ ಹೇಳು. ಎಲ್ಲಿಂದ ಬಂತು ಅಂತ ಹೇಳು. ಒಂಬತ್ತು ದಿನ ನನ್ನ ಹೊಟ್ಟೇಲಿ ಬಾಡಿಗೆಗಿದ್ದಿದ್ದು ಯಾರು, ಯಾವೂರು, ಯಾರ ಕಡೆಯವರು, ನನಗೆ ತಿಳೀಬೇಕು. ತಿಳಿದ್ರೆ ದೂರು ವಾಪಸ್ ಅಂತ ಸಹಿ ಹಾಕ್ತೀನಿ.”

ಇಷ್ಟೇ ತಾನೆ ಎಂದು ಕಾಗುಣಿತಳಿಗೆ ಜೀವ ಬಂದಂತಾಯಿತು. ಶಾಲೆಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಒಪ್ಪಿಸಿದಳು. “ಪಿ, ಇ, ಆರ್, ಐ, ಟಿ, ಓ, ಎನ್, ಐ, ಟಿ, ಐ, ಎಸ್. ಹನ್ನೊಂದು ಅಕ್ಷರ. ಟಿ ಎರಡು, ಐ ಮೂರು. ಎಲ್ಲರೂ ತಪ್ಪೋದು ಐನಲ್ಲೇ.”

ಮಾಸ್ಟರ್ ಅವಳು ತಂದ ಹೊಸ ಹಾಳೆಯನ್ನು ತೊಡೆಯ ಮೇಲಿಟ್ಟು, ಸೂಜಿ ತುದಿಯಿಂದ ಒಂದೊಂದೇ ಅಕ್ಷರ ಎಣಿಸಿದ. ಒಂದು ಸಲ ಎಣಿಸಿದ. ಮತ್ತೊಂದು ಸಲ ಎಣಿಸಿದ.

“ತೇಪೆ ನೀಟಾಗಿ ಹಾಕಿದ್ದೀಯ. ಆದ್ರೆ ಇಲ್ಲಿ ಹನ್ನೆರಡಿವೆಯಲ್ಲ ತಾಯಿ. ಕೊನೇಲಿ ಐ ಪಕ್ಕ ಇನ್ನೊಂದು ಐ ಕೂತಿದೆ.”

ಕಾಗುಣಿತ ಬಗ್ಗಿ ನೋಡಿದಳು. ಕೂತಿತ್ತು! ಲಿಫ್ಟಿನ ದೀರ್ಘ ಹೊಡೆದವಳು, ಔಷಧಿಯ ಹೊಟ್ಟೆ ಸೀಳಿದವಳು, ಬಾಯಲ್ಲಿ ಮೂರು ಹೇಳಿ ಕೈಯಲ್ಲಿ ನಾಲ್ಕು ಬರೆದಿದ್ದಳು. ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ಏನಾಯಿತೋ, ತಡೆಯಲಾರದ ನಗು ಬಂತು. ಅವಳು ನಕ್ಕಿದ್ದು ನೋಡಿ ಹೆಂಡತಿ ನಕ್ಕಳು. ಮಾಸ್ಟರ್ ಹಲ್ಲು ಕಚ್ಚಿ, ದಿಂಬು ಒತ್ತಿ ಹಿಡಿದು, ಚಾವಣಿ ನೋಡಿದ. ಪ್ರಯೋಜನವಾಗಲಿಲ್ಲ.

“ಅಯ್ಯೋ, ನಗಿಸಬೇಡ್ರೇ, ಹೊಲಿಗೆ ಬಿಚ್ಚುತ್ತೆ! ಹೂಂ, ಅರ್ಥ ಹೇಳು, ಅರ್ಥ.”

“ಹೊಟ್ಟೆ ಒಳಗೆ ಒಂದು ತೆಳು ಪೊರೆ ಇರುತ್ತಂತೆ ಮಾಸ್ಟ್ರೇ. ಸುತ್ತ ಗೋಡೆಗೂ ಹಾಸಿಕೊಂಡು, ಅಲ್ಲಿಂದ ಮಡಚಿಕೊಂಡು ಒಳಗಿರೋ ಕರುಳಿಗೂ ಹೊದ್ದುಕೊಂಡು...”

“ಲೈನಿಂಗ್!” ಎಂದು ಮಾಸ್ಟರ್ ಕೂಗಿದ. ಕೈಚಾಚಿ ಸ್ಟ್ಯಾಂಡಿನ ಕೋಟನ್ನು ಎಳೆದುಕೊಂಡು ಒಳಗಡೆ ತಿರುವಿ ತೋರಿಸಿದ. “ಇದೇ ತಾನೆ? ಮೈಗೂ ಇದೇ, ಜೇಬಿಗೂ ಇದೇ, ಒಂದೇ ಬಟ್ಟೆ. ಹೊರಗಿನವರಿಗೆ ಕಾಣಲ್ಲ. ಇದು ಕೆಟ್ರೆ ಕೋಟಿಗೆ ಕೋಟೇ ಸುಕ್ಕು. ಹಾಗಂತ ಬರೀಬಾರದಿತ್ತಾ? ಲೈನಿಂಗಿಗೆ ಬೆಂಕಿ ಬಿತ್ತು ಅಂತ ಬರೆದಿದ್ರೆ ಈ ಬೀದೀಲಿ ಎಲ್ಲರಿಗೂ ತಿಳೀತಿತ್ತು. ಮುಂದೆ ಹೇಳು. ಯಾವೂರದು?”

“ಮಾತು ಗ್ರೀಕರದ್ದು. ಪೆರಿ ಅಂದ್ರೆ ಸುತ್ತ. ಟೋನ್ ಅನ್ನೋದಕ್ಕೆ ಎಳೆಯೋದು, ಬಿಗಿಯೋದು ಅಂತ. ಸುತ್ತ ಎಳೆದು ಬಿಗಿದದ್ದು ಪೆರಿಟೊನಿಯಂ.”

“ಸರಿಯಾಗೇ ಇದೆ, ಲೈನಿಂಗ್ ಹಾಗೇ ಹಾಕೋದು. ಬಾಲದಲ್ಲಿರೋ ಐಟಿಸ್?”

“ಅದಕ್ಕೆ ಮೊದಲು ಬರೀ ‘ಅದಕ್ಕೆ ಸೇರಿದ್ದು’ ಅಂತ ಅರ್ಥವಂತೆ. ಯಾವಾಗ್ಲೂ ಕಾಯಿಲೆ ಜೊತೇಲೇ ಓಡಾಡಿ ಓಡಾಡಿ, ಈಗ ಅದಕ್ಕೇ ಉರಿಯೂತ ಅಂತ ಅರ್ಥ ಬಂದುಬಿಟ್ಟಿದೆ.”

“ಸಹವಾಸ ದೋಷ!” ಎಂದು ಮಾಸ್ಟರ್ ತೀರ್ಪು ಕೊಟ್ಟ.

ಕಾಗುಣಿತಳಿಗೆ ಈಗ ಹುರುಪು ಬಂದಿತ್ತು. ಗಡಿಯಾರ ಮೂರೂಕಾಲು ತೋರಿಸುತ್ತಿದ್ದರೂ ಬೀರುವಿನ ಕೆಳಗೆ ಸಿಕ್ಕಿದ್ದನ್ನು ಹೇಳದೆ ಅವಳ ನಾಲಗೆ ಕೇಳಲಿಲ್ಲ. “ಇನ್ನೊಂದಿದೆ ಮಾಸ್ಟ್ರೇ. ಅದು ಪೂರ್ತಿ ಪರದೇಶದ್ದೂ ಅಲ್ಲ. ನಾವು ಪರಿಸರ, ಪರಿಧಿ ಅಂತೀವಲ್ಲ, ಆ ಪರೀನೂ ಅವರ ಪೆರೀನೂ ಒಂದೇ ಮೂಲದವಂತೆ. ತಂತು ಅಂದ್ರೆ ದಾರ ಅಲ್ವಾ? ಅದೂ ಎಳೆಯೋದು ಅನ್ನೋ ಮಾತಿಂದಲೇ ಬಂದಿದ್ದು. ಆ ಟೋನೂ ಈ ತಂತೂ ಅಣ್ಣತಮ್ಮ. ಒಂದೇ ಹೊಟ್ಟೇಲಿ ಹುಟ್ಟಿ, ಪಾಲಾಗಿ, ಬೇರೆ ಬೇರೆ ಕಡೆ ಹೋದವು. ಈಗ ಎದುರಿಗೆ ಸಿಕ್ರೂ ಗುರುತು ಹಿಡಿಯಲ್ಲ.”

ಮಾಸ್ಟರ್ ಕೋಟಿನ ಲೈನಿಂಗನ್ನು ಬೆರಳಲ್ಲಿ ಸವರುತ್ತ ಕೂತ. ಅವನ ಹೆಂಡತಿಯ ನಗುವೂ ನಿಂತಿತು. ಏನು ತಪ್ಪು ಮಾತಾಡಿದೆನೋ ಎಂದು ಕಾಗುಣಿತಳಿಗೆ ಮತ್ತೆ ಹೆದರಿಕೆಯಾಯಿತು.

“ಪಾಲಾಗಿದ್ದು ಯಾಕಂತೆ?” ಎಂದು ಮಾಸ್ಟರ್ ಕೇಳಿದ.

“ಅದು ಬಹಳ ಹಿಂದೆ. ಯಾರಿಗೂ ನೆನಪಿಲ್ಲ.”

“ನಮ್ಮದು ನೆನಪಿದೆ. ಎದುರಿಗಿನ ಗಾಜಿನಂಗಡಿ ನೋಡಿದ್ಯಲ್ಲ, ನನ್ನ ತಮ್ಮಂದು. ಸೂಜಿಗೆ ದಾರ ಪೋಣಿಸೋದ್ರಿಂದ ಹಿಡಿದು ಎಲ್ಲ ಕಲಿಸಿದ್ದು ನಾನು. ಮೂರು ವರ್ಷದ ಹಿಂದೆ ಅಂಗಡಿ ಇಟ್ಟ. ಇಡಲಿ. ಬೋರ್ಡಲ್ಲಿ ‘ಹೊಸ ಕಾಲದ ದರ್ಜಿ’ ಅಂತ ಬರೆಸಿದ. ಹಾಗಾದ್ರೆ ನಾನು ಯಾವ ಕಾಲದವನು? ಅವತ್ತಿಂದ ಮಾತಿಲ್ಲ.”

ಒಂದು ಮಾತಿಗೆ ಮೂರು ವರ್ಷ! ಕಾಗುಣಿತ ಬೋರ್ಡು ತಿದ್ದಲು ಕೆಂಪು ಪೆನ್ನು ಹಿಡಿದು ಓಡಿಬಿಡುತ್ತಿದ್ದಳೋ ಏನೋ, ಆದರೆ ಮಾಸ್ಟರ್ ಇನ್ನೂ ಮುಗಿಸಿರಲಿಲ್ಲ. ಅವನು ದಿಂಬನ್ನು ನೋಡುತ್ತ ಮೆಲ್ಲಗೆ ಹೇಳಿದ.

“ನಿನ್ನ ಮೇಲೆ ನನಗೆ ಯಾಕೆ ಸಿಟ್ಟು ಬಂತು ಗೊತ್ತಾ? ಹೊಟ್ಟೆ ನೋವು ಶುರುವಾದ ದಿನ ಅವನ ಅಂಗಡಿ ಮುಂದೆ ಎರಡು ಕಾರು ನಿಂತಿದ್ವು. ಉರಿ ಎದ್ತು. ಇದು ಆ ಉರಿ, ಬೆಳಿಗ್ಗೆಗೆ ಇಳಿಯುತ್ತೆ ಅಂತ ಮಲಗಿದೆ. ಮಾರನೇ ದಿನಾನೂ ಹಾಗೇ ಅಂದ್ಕೊಂಡೆ. ಹೊಟ್ಟೆ ಉರಿಗೆ ಯಾರಾದ್ರೂ ಡಾಕ್ಟರ್ ಹತ್ರ ಹೋಗ್ತಾರಾ? ಎರಡು ದಿನ ಹಲ್ಲು ಕಚ್ಚಿಕೊಂಡು ಮನೇಲೇ ಇದ್ದೆ, ಅಷ್ಟರಲ್ಲಿ ಒಡೆದೇಹೋಗಿತ್ತು. ಸಾಯ್ತಿದ್ದೆ ಕಣಮ್ಮ. ಯಾರಿಗೂ ಹೇಳಿರಲಿಲ್ಲ, ಇವಳಿಗೂ. ನೀನು ಸೀಲ್ ಹಾಕಿ ಬೀದಿಗೆಲ್ಲ ಹೇಳಿಬಿಟ್ಟೆ.”

ಹೆಂಡತಿ ಗಂಡನ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿ ಹಾಕಿಕೊಂಡಳು. ಕಾಗುಣಿತಳಿಗೆ ಕೆಲಸದ ಆಸೆ ಪೂರ್ತಿ ಹೋಯಿತು. ಸಹಿ ಕೇಳುವುದಕ್ಕೂ ಬಾಯಿ ಬರದೆ, ಹಾಳೆಯನ್ನು ಮಡಚಿ ಎದ್ದಳು.

“ರೀ,” ಎಂದಳು ಹೆಂಡತಿ ಕಿಟಕಿಯಿಂದ. “ಎದುರುಗಡೆ ಗಾಜಿಗೆ ಏನೋ ಅಂಟಿಸಿದ್ದಾನೆ. ದಪ್ಪ ಅಕ್ಷರದಲ್ಲಿ.”

“ಏನಂತೆ? ‘ಅಣ್ಣನ ರೋಗಕ್ಕೆ ಇಲ್ಲಿ ಔಷಧ ಸಿಗುತ್ತೆ’ ಅಂತಲೋ?”

ಅವಳು ಒಂದೊಂದೇ ಪದ ಬಿಡಿಸಿ ಓದಿದಳು. “‘ಇಲ್ಲಿಯೂ ಅದೇ ರೋಗ. ಮೂರು ವರ್ಷದಿಂದ. ಆಪರೇಷನ್ ಇನ್ನೂ ಆಗಿಲ್ಲ.’”

ಮಾಸ್ಟರನ ಗಲ್ಲ ನಡುಗಿತು. ನಗುವೋ ಅಳುವೋ ಅವನಿಗೇ ತಿಳಿಯದೆ, ಎರಡಕ್ಕೂ ಇರಲಿ ಎಂದು ದಿಂಬು ಒತ್ತಿ ಹಿಡಿದ.

“ಅವನಿಗೆ ನನ್ನ ಮೇಲೆ ಯಾಕಂತೆ ಉರಿ? ಕರೀ ಅವನನ್ನ!”

ಕರೆಯಬೇಕಾಗಿಯೇ ಇರಲಿಲ್ಲ. ಅತ್ತಿಗೆಯ ತಲೆ ಕಿಟಕಿಯಲ್ಲಿ ಕಂಡಿದ್ದೇ ತಡ, ಚಿಕ್ಕ ಮಾಸ್ಟರ್ ಬೀದಿ ದಾಟಿ, ಮೂರು ಮೆಟ್ಟಿಲಿಗೆ ಒಂದು ಹೆಜ್ಜೆ ಹಾಕಿ ಬಂದು ಬಾಗಿಲಲ್ಲಿ ನಿಂತ. ಕುತ್ತಿಗೆಯ ಟೇಪು ಹಿಂದೆ ಮುಂದೆ ಹಾರುತ್ತಿತ್ತು.

“ಕಾರಲ್ಲಿ ಬರೋರೆಲ್ಲ ಕೋಟು ಹಾಕಿ ನೋಡಿ ಏನಂತಾರೆ ಗೊತ್ತಾ ಅಣ್ಣ? ‘ಚೆನ್ನಾಗಿದೆ, ಆದ್ರೆ ಕಾಲರ್ ಎದುರಿನವರದ್ದೇ ವಾಸಿ’ ಅಂತಾರೆ. ಮೂರು ವರ್ಷದಿಂದ ಅಂತಾರೆ. ಉರಿಯಲ್ವಾ ನನಗೆ?” ಎಂದವನು ದಿಂಬಿನ ಕಡೆ ಕೈ ತೋರಿಸಿದ. “ಹೊಲಿಗೆ ತೋರಿಸು.”

ಮಾಸ್ಟರ್ ಅಂಗಿ ಎತ್ತಿದ. ತಮ್ಮ ಮಂಡಿಯೂರಿ ಕೂತು ನೋಡಿದ. ಟೇಪು ಹಿಡಿದು ಅಳೆದ. “ಥೂ! ಇಷ್ಟುದ್ದಕ್ಕೆ ಹದಿಮೂರೇ ಹೊಲಿಗೆ! ಒಂದರಂತೆ ಒಂದಿಲ್ಲ. ನಾನು ಹೀಗೆ ಹೊಲಿದಿದ್ರೆ ನೀನು ಅಡಿಕೋಲಲ್ಲಿ ತಲೆ ಮೇಲೆ ಹಾಕ್ತಿದ್ದೆ!”

“ಹಾಕ್ತಿದ್ದೆ ಕಣೋ!” ಎಂದ ಅಣ್ಣ. ಅಲ್ಲಿಂದಾಚೆ ನಾಲ್ಕೂ ಜನ ಹುಚ್ಚರ ಹಾಗೆ ನಕ್ಕರು. ಮಾಸ್ಟರ್ “ಅಯ್ಯೋ, ಅಯ್ಯೋ” ಎನ್ನುತ್ತ ನಕ್ಕ, ತಮ್ಮನೂ ದಿಂಬಿನ ಇನ್ನೊಂದು ತುದಿಯನ್ನು ಒತ್ತಿ ಹಿಡಿದುಕೊಂಡು ನಕ್ಕ. ಕೆಳಗೆ ಶಟರಿನ ಮುಂದೆ ನಿಂತವರು ತಲೆಯೆತ್ತಿ ನೋಡಿದರು.

ಗಡಿಯಾರ ಮೂರೂ ಮುಕ್ಕಾಲು ಹೊಡೆದಾಗ ಮಾಸ್ಟರ್ ಕಾಗದ ಪೆನ್ನು ತರಿಸಿದ. ಕಾಗುಣಿತ ಆ ಕಾಗದ ಹಿಡಿದು, ಚಪ್ಪಲಿ ಕೈಗೆತ್ತಿಕೊಂಡು ಓಡಿದಳು. ಸಮಿತಿಯವರು ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ಮೇಲ್ವಿಚಾರಕರ ಕೈಗೆ ಅದು ಸಿಕ್ಕಿತು. ಅವರು ಗಟ್ಟಿಯಾಗಿಯೇ ಓದಿದರು.

“‘ದೂರನ್ನು ವಾಪಸ್ ಪಡೆದಿದ್ದೇನೆ. ನನಗೆ ಎರಡು ರೋಗವಿತ್ತು. ಮೊದಲನೆಯದು ಪೆರಿಟೊನೈಟಿಸ್, ಐ ಮೂರು, ನಾಲ್ಕಲ್ಲ. ಅದನ್ನು ನಿಮ್ಮ ಸರ್ಜನ್ ಹಿಡಿದರು. ಎರಡನೆಯದನ್ನು ನಿಮ್ಮ ದಾಖಲೆ ಕೋಣೆ ಹಿಡಿಯಿತು. ಎರಡೂ ವಾಸಿಯಾಗಿವೆ. ಹೊಲಿಗೆ ಮಾತ್ರ ಸುಧಾರಿಸಬೇಕು. ಹಳೆಯ ಹಾಳೆಯನ್ನು ಹಿಂದಿರುಗಿಸುವುದಿಲ್ಲ, ನನ್ನ ತಮ್ಮ ಅದಕ್ಕೆ ಗಾಜಿನ ಕಟ್ಟು ಹಾಕಿಸುತ್ತಾನಂತೆ.’”

ಓದಿ ಮುಗಿಸಿದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರ ಹೆಗಲು ಕುಣಿಯುತ್ತಿತ್ತು.

ಐದು ಗಂಟೆಗೆ ಅವಳ ಕೈಗೆ ಆದೇಶ ಬಂತು. ‘ಇವರನ್ನು ಖಾಯಂ ಮಾಡಲಾಗಿದೆ.’ ಕಾಗುಣಿತ ಅದನ್ನು ಎರಡು ಸಲ ಓದಿದಳು. ಕಾಯಂ ಎನ್ನುವುದಕ್ಕೆ ಬೇಡದ ಮಹಾಪ್ರಾಣ ಹಾಕಿದ್ದರು. ಅವಳ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು, ಮುಚ್ಚಳ ತೆಗೆಯಿತು. ಆಮೇಲೆ ಅವಳು ಮುಚ್ಚಳ ಹಾಕಿ, ಆದೇಶವನ್ನು ನಾಲ್ಕಾಗಿ ಮಡಚಿ, ಆ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋದಳು.